ಬೆಳಕಿಗೆ ಹಿಡಿದ ಎರಡು ಹಾಳೆ

"ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಬೆಳಕಿಗೆ ಅಡ್ಡ ನಿಂತಿದ್ದೀರಿ."

ಅವನು ಅವಳೊಂದಿಗೆ ಆಡಿದ ಮೊದಲ ಮಾತು ಇದು. ಜಗಳಕ್ಕೆಂದೇ ಮೆಟ್ಟಿಲು ಹತ್ತಿ ಬಂದು, ಮುಖಕ್ಕೆ ಮುಖ ಕೊಟ್ಟು ಕಿಟಕಿಯ ಮುಂದೆ ನಿಂತವಳಿಗೆ ಇಂಥ ಸ್ವಾಗತ.

ಅವನು ಎರಡು ಅಚ್ಚಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡುತ್ತಿದ್ದ. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು, ಕಿವಿಯ ಮೇಲೊಂದು ಪೆನ್ಸಿಲ್. ಅವಳು ಪಕ್ಕಕ್ಕೆ ಸರಿದಳು. ಸರಿದ ಮೇಲೆ, ಯಾಕಾದರೂ ಸರಿದೆನೋ ಎಂದು ತನ್ನ ಮೇಲೇ ಸಿಟ್ಟು ಬಂತು.

"ನನ್ನ ಪುಸ್ತಕದ ಚಿತ್ರವೊಂದು ಮುಂದಿನ ಪುಟಕ್ಕೆ ಓಡಿಹೋಗಿದೆ. ನಿನ್ನೆ ಸಂಜೆ ಸರಿಯಾಗೇ ಇತ್ತು. ಲೈಬ್ರರಿಗೆ ಕೈ ಹಾಕಿದೋರು ನೀವಂತೆ."

"ಓಡಿಹೋಗಿಲ್ಲ, ನಾನೇ ಓಡಿಸಿದ್ದು." ಅವನು ಹಾಳೆ ಇಳಿಸಿದ. "ತಪ್ಪು ನಂದೇ. ಎಲ್ಲಿ ಅಂತ ಹುಡುಕ್ತಾ ಇದ್ದೆ. ಮಧ್ಯಾಹ್ನದೊಳಗೆ ಹಿಂದಕ್ಕೆ ಕರ್ಕೊಂಡು ಬರ್ತೀನಿ."

ಜಗಳಕ್ಕೆ ಬಂದವರ ಮುಂದೆ ಹೀಗೆ ಒಪ್ಪಿಕೊಂಡುಬಿಟ್ಟರೆ ಬಂದವರು ಏನು ಮಾಡಬೇಕು? ಅವಳು "ಸರಿ" ಎಂದು ಕೆಳಗಿಳಿದಳು. ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಚಿತ್ರ ತನ್ನ ಜಾಗದಲ್ಲಿ ಏನೂ ಆಗದಂತೆ ಕೂತಿತ್ತು.

ಅದು ಗಣಿತ, ವಿಜ್ಞಾನದ ಪಠ್ಯಪುಸ್ತಕಗಳನ್ನು ಮಾಡುವ ಸಣ್ಣ ಪ್ರಕಾಶನ. ಅಲ್ಲಿ ಪುಟ ಕಟ್ಟುವುದು ಟೆಕ್ ಎಂಬ ವ್ಯವಸ್ಥೆಯಲ್ಲಿ. ಟೆಕ್‌ನಲ್ಲಿ ಅಕ್ಷರಗಳನ್ನು ಕಣ್ಣಳತೆಯಿಂದ ಎಳೆದು ಕೂರಿಸುವುದಿಲ್ಲ. ಎಲ್ಲಿ ಏನು ಕೂರಬೇಕೆಂದು ಆಜ್ಞೆ ಬರೆಯಬೇಕು. ಪ್ರಮೇಯಕ್ಕೆ ಮೇಲೆ ಇಷ್ಟು ಜಾಗ, ಕೆಳಗೆ ಇಷ್ಟು, ತಲೆಬರಹ ದಪ್ಪ, ಪಕ್ಕದಲ್ಲಿ ಸಂಖ್ಯೆ. ಪ್ರತಿ ಸಲವೂ ಅಷ್ಟನ್ನು ಬರೆಯುವ ಬದಲು ಎಲ್ಲವನ್ನೂ ಒಂದು ಹೆಸರಿನ ಕೆಳಗೆ ಗಂಟು ಕಟ್ಟಿಟ್ಟರೆ ಅದು ಮ್ಯಾಕ್ರೋ. ಆಮೇಲೆ ಹೆಸರು ಹಿಡಿದು ಕರೆದರೆ ಸಾಕು, ಪರಿವಾರ ಸಮೇತ ಬಂದು ನಿಲ್ಲುತ್ತದೆ.

ಅಂಥ ಮ್ಯಾಕ್ರೋಗಳೆಲ್ಲ ಕೂಡಿದ್ದೇ ಲೈಬ್ರರಿ. ಅಲ್ಲಿ ಕೆಲಸ ಮಾಡಿ ಹೋದವರೆಲ್ಲ ಅದಕ್ಕೆ ಒಂದಿಷ್ಟು ಸೇರಿಸಿದ್ದರು. ಹಲವು ಸೊಸೆಯಂದಿರು ಬಂದುಹೋದ ಅಡುಗೆಮನೆಯ ಹಾಗಿತ್ತು ಅದು: ಒಂದೇ ಉಪ್ಪಿಗೆ ಮೂರು ಡಬ್ಬಿ, ಒಂದಕ್ಕೂ ಚೀಟಿ ಇಲ್ಲ. ಅದನ್ನು ಒಪ್ಪ ಮಾಡುವುದಕ್ಕೆಂದು ಯಜಮಾನಮ್ಮ ಅವನನ್ನು ಕರೆಸಿದ್ದರು. ಲೈಬ್ರರಿ ಒಪ್ಪವಾಗುವವರೆಗೆ ಮಾತ್ರ. ಆಮೇಲೆ ಅವನ ದಾರಿ ಅವನಿಗೆ.

ಒಪ್ಪ ಮಾಡುವುದೆಂದರೆ ಹಳೆಯದನ್ನೆಲ್ಲ ಎಸೆಯುವುದು ಎಂದುಕೊಂಡಿದ್ದಳು ಅವಳು. ಅವನು ಹಾಗೆ ಮಾಡಲಿಲ್ಲ.

ಒಂದು ದಿನ ಅವನು ಫೋನಿನಲ್ಲಿ, ಎಂದೋ ನಿವೃತ್ತರಾದ ಹಿರಿಯರೊಬ್ಬರೊಂದಿಗೆ ಮಾತಾಡುತ್ತಿದ್ದ. "ಎಡಗಡೆ ಅಂಚಿಗೆ ಸ್ವಲ್ಪ ಜಾಸ್ತಿ ಜಾಗ ಬಿಟ್ಟಿದ್ದೀರಲ್ಲ ಸಾರ್, ಯಾಕೆ ಅಂತ ಕೇಳೋಣ ಅಂತ." ಆ ಕಡೆಯವರು ತುಂಬಾ ಹೊತ್ತು ಮಾತಾಡಿದರು. ಇವನು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.

"ಅವತ್ತಿನ ಕತ್ತರಿಸೋ ಯಂತ್ರ ಎಡಗಡೆ ಸ್ವಲ್ಪ ನುಂಗ್ತಿತ್ತಂತೆ," ಎಂದ, ಫೋನಿಟ್ಟು ಅವಳ ಕಡೆ ತಿರುಗಿ. "ಕಾರಣ ಗೊತ್ತಾಗದೆ ಯಾವುದನ್ನೂ ತೆಗೀಬಾರದು."

"ಆ ಯಂತ್ರ ಈಗಿಲ್ಲವಲ್ಲ. ಈಗ ತೆಗೀತೀರಾ?"

"ಹೊಸ ಪುಸ್ತಕಕ್ಕೆ ಹೊಸದು ಬರಲಿ. ಹಳೇ ಪುಸ್ತಕಗಳು ಹಳೇ ಹೆಸರಿಂದಾನೇ ಕರೀತಾವೆ. ಕರೆದಾಗ ಯಾರಾದ್ರೂ ಓ ಅನ್ನಬೇಕು ತಾನೆ? ಮೊಮ್ಮಕ್ಕಳಾದ ಮೇಲೂ ಅಜ್ಜೀನ ತವರಲ್ಲಿ ಯಾರಾದ್ರೂ ಪಾಪಚ್ಚಿ ಅಂದ್ರೆ ತಿರುಗಿ ನೋಡಲ್ವಾ, ಹಾಗೆ."

ಅವಳು ನಕ್ಕಳು. ಅವನು ಆ ನಗುವನ್ನು ನೋಡಿದ. ನೋಡಿದ್ದು ಅವಳಿಗೆ ಗೊತ್ತಾಯಿತೆಂದು ತಿಳಿದು, ಕಿವಿಯ ಮೇಲಿದ್ದ ಪೆನ್ಸಿಲನ್ನು ಮೇಜಿನ ಮೇಲೆ ಹುಡುಕತೊಡಗಿದ.

ಯಾವ ಮ್ಯಾಕ್ರೋ ಮುಟ್ಟಿದರೂ ಅವನದೊಂದು ಕ್ರಮ. ಹಳೆಯ ಪುಸ್ತಕದ ಪುಟವೊಂದನ್ನು ಬದಲಾವಣೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಅಚ್ಚು ತೆಗೆಯುವುದು. ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯುವುದು. ಸಾಲಿನ ಮೇಲೆ ಸಾಲು ಕೂತರೆ ಏನೂ ಕದಲಿಲ್ಲವೆಂದು ಅರ್ಥ.

"ಒಬ್ಬನೇ ಹಿಡಿದ್ರೆ ಕೈ ಅಲುಗತ್ತೆ," ಎಂದ ಒಂದು ಬೆಳಿಗ್ಗೆ. "ನಿಮಗೆ ಬಿಡುವಿದ್ರೆ..."

ಬಿಡುವಿರಲಿಲ್ಲ. ಆದರೂ ಹಿಡಿದಳು.

ಅಂದಿನಿಂದ ದಿನಾ ಬೆಳಿಗ್ಗೆ, ಕಿಟಕಿಗೆ ಎಳೆಬಿಸಿಲು ಬೀಳುವ ಹೊತ್ತಿಗೆ, ಅವಳು ಗಾಜಿನ ಪಕ್ಕ ನಿಂತು ಹಾಳೆಗಳ ಮೂಲೆ ಹಿಡಿಯುವಳು, ಅವನು ಈಚೆಯಿಂದ ನೋಡುವನು. ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ. ಆದರೆ ಕಾಗದದ ಕೆಳಗೆ ಹಾಳೆಯನ್ನು ನೇರಮಾಡುವ ಬೆರಳುಗಳು ಕಾಣುತ್ತಿದ್ದವು. ಉಗುರು ಒಪ್ಪವಾಗಿ ಕತ್ತರಿಸಿದ, ಅವಸರವೇ ತಿಳಿಯದ ಬೆರಳುಗಳು. ಮಲಗಿದ ಮಗುವಿನ ಹೊದಿಕೆ ಸರಿಮಾಡುವವರ ಕೈ ಹೀಗಿರುತ್ತದೆ ಎಂದು ಅವಳಿಗೆ ಅನಿಸಿತು.

ಕೆಳಗಿನ ಕೋಣೆಯ ಪ್ರೂಫ್ ಅಕ್ಕ ಕರಡು ತಿದ್ದುವವಳು. ಅಲ್ಪವಿರಾಮವೊಂದು ಓರೆಯಾದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ಮೇಲೆ ಬಂದವಳು ಬಾಗಿಲಲ್ಲೇ ನಿಂತಳು.

"ಇದನ್ನ ಕಂಪ್ಯೂಟರಲ್ಲೇ ನೋಡೋಕಾಗಲ್ವೇನಪ್ಪ?"

"ಆಗತ್ತೆ ಅಕ್ಕ. ಆದ್ರೆ ಅದಕ್ಕೆ ಕೂದಲೆಳೆಯೂ ಒಂದೇ, ಬೆಟ್ಟವೂ ಒಂದೇ. ಯಾವುದು ಓದೋರ ಕಣ್ಣಿಗೆ ಬೀಳತ್ತೆ ಅಂತ ಹೇಳಲ್ಲ."

"ಹೌದೌದು. ಕಣ್ಣಿಗೆ ಏನೇನು ಬೀಳ್ತಿದೆ ಅಂತ ನಾನೂ ನೋಡ್ತಿದ್ದೀನಿ," ಎಂದು ಪ್ರೂಫ್ ಅಕ್ಕ ಇಳಿದುಹೋದಳು. ಕಿಟಕಿಯ ಬಳಿ ನಿಂತವಳ ಕೈಯಲ್ಲಿದ್ದ ಹಾಳೆಗಳ ಸಾಲು ಆ ದಿನ ಒಂದರ ಮೇಲೊಂದು ಕೂರಲು ಬಹಳ ಹೊತ್ತು ಹಿಡಿಯಿತು.

ಲೈಬ್ರರಿಯಲ್ಲಿ ಅವಳು ಬರೆದದ್ದೂ ಒಂದಿತ್ತು, ಪಕ್ಕಚಿತ್ರ ಎಂದು ಅದರ ಹೆಸರು. ಪ್ರಮೇಯವನ್ನು ಸಾಧಿಸಿ ತೋರಿಸುವ ಸಾಲುಗಳ ಮಗ್ಗುಲಲ್ಲೇ ಅದರ ಚಿತ್ರವನ್ನು ತಂದು ನಿಲ್ಲಿಸುವ ಮ್ಯಾಕ್ರೋ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆದದ್ದು.

"ಇದನ್ನ ಬರೆದೋರು ಯಾರು?" ಎಂದು ಅವನು ಒಂದು ದಿನ ಕೇಳಿದ.

"ಯಾಕೆ? ತಪ್ಪಿದೆಯಾ?"

"ಓದೋರು ಚಿತ್ರ ಹುಡುಕ್ಕೊಂಡು ಪುಟ ತಿರುಗಿಸಬಾರದು ಅಂತ ಚಿತ್ರಾನೇ ಎದ್ದು ಅವರ ಹತ್ರ ಬರತ್ತೆ. ಓದೋರಿಗೆ ಇಷ್ಟು ಮರ್ಯಾದೆ ಕೊಡೋರು ಯಾರು ಅಂತ ಕೇಳಿದೆ, ಅಷ್ಟೇ."

"ನಾನು," ಎಂದಳು. ಕಿವಿ ಬಿಸಿಯಾದದ್ದು ಮಧ್ಯಾಹ್ನದವರೆಗೂ ಆರಲಿಲ್ಲ.

ಬಿಸಿಲು ಕಿಟಕಿಯ ಎಡಮೂಲೆಯಿಂದ ಬಲಮೂಲೆಗೆ ಸರಿಯುವಷ್ಟು ಕಾಲ ಕಳೆಯಿತು. ಮೂರು ಡಬ್ಬಿಗಳು ಒಂದಾದವು. ಪ್ರತಿ ಮ್ಯಾಕ್ರೋದ ತಲೆಯ ಮೇಲೂ ಅದೇನು ಮಾಡುತ್ತದೆ, ಯಾರು ಬರೆದದ್ದು ಎಂದು ಸರಳ ಮಾತಿನಲ್ಲಿ ಒಂದೆರಡು ಸಾಲು ಬಂತು. ಬಿಟ್ಟು ಹೋದವರೆಲ್ಲ ಹಿಂದಕ್ಕೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತಂತಿತ್ತು.

"ಹುಡುಗ ಎಲ್ಲಾ ಮುಗಿಸಿದ್ದಾನೆ," ಎಂದರು ಒಂದು ಶನಿವಾರ ಯಜಮಾನಮ್ಮ. "ನಿನ್ನ ಪಕ್ಕಚಿತ್ರ ಒಂದೇ ಬಾಕಿಯಂತೆ. ಅದನ್ನ ಯಾಕೋ ಎಳೀತಾನೇ ಇದ್ದಾನೆ. ತಪ್ಪು ದೊಡ್ಡದಿದೆಯೋ ಏನೋ, ಪಾಪ."

ಆ "ಪಾಪ" ಅವಳ ಜೊತೆ ಮನೆಗೆ ಬಂತು. ಮೆಚ್ಚಿದ್ದು ಬರೀ ಮರ್ಯಾದೆಗಾ? ತಪ್ಪಿದೆ ಎನ್ನಲು ಸಂಕೋಚಪಟ್ಟು ಸುಮ್ಮನಿದ್ದಾನಾ?

ಭಾನುವಾರ ಬೆಳಿಗ್ಗೆಯೇ ಪಕ್ಕಚಿತ್ರವನ್ನು ಬಿಚ್ಚಿಕೊಂಡು ಕೂತಳು. ಎದುರಿಗೆ ಅಮ್ಮ, ಒಣಗಿದ ಬಟ್ಟೆಯ ರಾಶಿಯೊಂದಿಗೆ.

ತಪ್ಪು ಒಂದು ಸಾಲಿನ ಕೊನೆಯಲ್ಲಿ ಸಿಕ್ಕಿತು. ಸಾಲು ಮುರಿದಲ್ಲಿ ಶೇಕಡಾ ಚಿಹ್ನೆಯೊಂದನ್ನು ಹಾಕದಿದ್ದರೆ, ಟೆಕ್ ಆ ಮುರಿತವನ್ನೇ ಒಂದು ಖಾಲಿ ಜಾಗವೆಂದು ಎಣಿಸುತ್ತದೆ. ಅವಳು ಹಾಕಲು ಮರೆತಿದ್ದಳು. ಅಷ್ಟೂ ಪುಸ್ತಕಗಳ ಅಷ್ಟೂ ಚಿತ್ರಗಳು ಸಾಲಿನಿಂದ ಒಂದು ಸಣ್ಣ ಬಿರುಕಿನಷ್ಟು ದೂರ ನಿಂತಿದ್ದವು.

"ಏನೇ ಅದು, ಮುಖ ಹುಳ್ಳಗಾಯ್ತು?" ಎಂದಳು ಅಮ್ಮ.

"ಇಷ್ಟು ವರ್ಷ ನಂಗೆ ಕಾಣಲಿಲ್ಲ ಅಮ್ಮ. ಅವರಿಗೆ ಕಂಡಿರತ್ತೆ."

"ಕಂಡಿದ್ರೆ ಹೇಳ್ತಿದ್ದ."

"ಹೇಳಲಿಲ್ಲವಲ್ಲ, ಅದೇ."

ಅಮ್ಮ ದುಪ್ಪಟಿಯ ಒಂದು ತುದಿಯನ್ನು ಅವಳತ್ತ ಚಾಚಿದಳು. ಇಬ್ಬರೂ ಎಳೆದು, ಜೋಡಿಸಿ, ಮಡಚಿದರು. ಆಮೇಲೆ ಅವಳು ಅವನ ಕ್ರಮದಂತೆಯೇ ನಡೆದಳು. ಹಳೆಯ ಪುಸ್ತಕಗಳಿಗೆ ಹಳೆಯದನ್ನು ಹಾಗೇ ಉಳಿಸಿದಳು, ಹೊಸದನ್ನು ಹೊಸ ಹೆಸರಿನಲ್ಲಿ ಕಟ್ಟಿದಳು, ತಲೆಯ ಮೇಲೆ ಎರಡು ಸಾಲು ಬರೆದಳು. ಅವನಿಗೊಂದು ಹೊರೆ ತಪ್ಪಿತು ಎಂದುಕೊಂಡಾಗ ಮನಸ್ಸಿಗೆ ಸ್ವಲ್ಪ ಹಾಯೆನಿಸಿತು.

ಸೋಮವಾರ ಅವಳೇ ಹಾಳೆಗಳೊಂದಿಗೆ ಮೆಟ್ಟಿಲು ಹತ್ತಿದಳು. "ಬಾಕಿ ಇದ್ದದ್ದು ಇದೊಂದೇ ಅಲ್ವಾ? ನಾನೇ ಸರಿಮಾಡಿದೆ. ನೋಡಿ."

ಅವನು ಹಾಳೆಗಳನ್ನು ಬೆಳಕಿಗೆ ಹಿಡಿದ. ಹಳೆಯ ಪುಸ್ತಕದ ಪುಟ ಕದಲಿರಲಿಲ್ಲ. ಹೊಸದರಲ್ಲಿ ಚಿತ್ರ ಸಾಲಿಗೆ ಬಂದು ಅಂಟಿಕೊಂಡಿತ್ತು. ತುಂಬಾ ಹೊತ್ತು ನೋಡಿದ. ಆಮೇಲೆ ಎರಡನ್ನೂ ಅಂಚಿಗೆ ಅಂಚು ಕೂಡಿಸಿ ಮೇಜಿನ ಮೇಲಿಟ್ಟ.

"ಚೆನ್ನಾಗಿದೆ," ಎಂದ. "ಹಾಗಾದ್ರೆ ಮುಗೀತು."

"ತಪ್ಪು ನಿಮಗೆ ಮೊದಲೇ ಗೊತ್ತಿತ್ತಾ?"

"ಬಂದ ವಾರವೇ."

"ಮತ್ತೆ ಯಾಕೆ ಹೇಳಲಿಲ್ಲ?"

ಅವನು ಬಾಯಿ ತೆರೆಯುವಷ್ಟರಲ್ಲಿ ಯಜಮಾನಮ್ಮ ಬಂದರು. ಹಾಳೆ ನೋಡಿದರು, ಅವಳ ಬೆನ್ನು ತಟ್ಟಿದರು. ನಾಳೆಯಿಂದ ಲೈಬ್ರರಿಯ ಜವಾಬ್ದಾರಿ ಅವಳದೇ ಎಂದರು. ಅವನು ಈ ವಾರ ಎಲ್ಲವನ್ನೂ ಒಪ್ಪಿಸಿ ಹೊರಡಬಹುದು ಎಂದರು. ಅವನು ತಲೆಯಾಡಿಸಿದ. ಅವಳ ಕಡೆ ನೋಡಲಿಲ್ಲ.

"ಪೆದ್ದಿ," ಎಂದಳು ಕೆಳಗೆ ಪ್ರೂಫ್ ಅಕ್ಕ, ಅವಳು ಹೇಳಿದ್ದನ್ನೆಲ್ಲ ಕೇಳಿ, ಕರಡಿನಿಂದ ತಲೆಯೆತ್ತದೆ. "ಎಷ್ಟು ಹೊತ್ತಿನ ಕೆಲಸ ಅದು, ಅವನಿಗೆ?"

"ಐದು ನಿಮಿಷ."

"ಬಂದ ವಾರ ಕಂಡಿದ್ದನ್ನ, ಐದು ನಿಮಿಷದ್ದನ್ನ, ಇಲ್ಲೀವರೆಗೆ ಯಾಕೆ ಇಟ್ಕೊಂಡಿದ್ದ? ಬೇರೆಯೋರ ಕೆಲಸದಲ್ಲಿ ಒಂದು ಗಳಿಗೆ ತಡ ಮಾಡಿದೋನಲ್ಲ. ಅವನು ಕೂತಿದ್ದ ಕೊಂಬೆ ಅದೊಂದೇ ಕಣೆ. ನೀನು ಕೊಡಲಿ ಹಿಡ್ಕೊಂಡು ಹೋಗಿ, ಸಹಾಯ ಅಂತ ಕಡಿದು ಬಂದಿದ್ದೀಯ."

ಅವಳು ಕುರ್ಚಿಯಲ್ಲಿ ಕೂತಳು. ಎಷ್ಟೋ ಬೆಳಿಗ್ಗೆಗಳು ಒಂದರ ಮೇಲೊಂದು ಬಂದು, ಸಾಲಿಗೆ ಸಾಲು ಕೂಡಿ, ಒಂದೇ ಪುಟವಾದವು. ನಾಳೆ ನಾಡಿದ್ದರಲ್ಲಿ ಅವನು ಹೋಗುತ್ತಾನೆ. ತಾನು ಕೇಳದಿದ್ದರೆ ಅವನು ಹೇಳುವವನಲ್ಲ. ಒಂದು ಹೆಜ್ಜೆ ಸದ್ದಿಗೂ ಯಾರ ನಿದ್ದೆಯೂ ಕೆಡಬಾರದೆಂದು ನಡೆಯುವ ಜಾತಿ ಅದು.

ಸಂಜೆ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಪಾತ್ರೆ ಒರೆಸುತ್ತಲೇ ಕೇಳಿದಳು. "ಅವನಾಗೇ ಬರಲಿ ಅಂತ ಕಾಯ್ತೀಯಾ?"

"ಮತ್ತೇನು ಮಾಡಲಿ?"

"ಕಾಲು ನಿಂಗೂ ಇದೆಯಲ್ಲೇ. ಮೊದಲ ದಿನ ಜಗಳಕ್ಕೆ ಹತ್ತಿದ ಮೆಟ್ಟಿಲು ಇವತ್ತೇನು ಎತ್ತರ ಆಗಿಲ್ಲ."

ಮರುದಿನ ಬೆಳಿಗ್ಗೆ ಅವನು ಕೊನೆಯ ಹಾಳೆಗಳನ್ನು ಕಿಟಕಿಗೆ ಎತ್ತಿ ಹಿಡಿದಿದ್ದ. ಅವಳು ನೇರ ಹೋಗಿ, ಮೊದಲ ದಿನ ನಿಂತಲ್ಲೇ ನಿಂತಳು.

"ಬೆಳಕಿಗೆ ಅಡ್ಡ..."

"ಗೊತ್ತು. ನಿನ್ನೆ ಕೇಳಿದ್ದಕ್ಕೆ ಉತ್ತರ ಸಿಗೋವರೆಗೂ ಸರಿಯಲ್ಲ."

ಅವನು ಹಾಳೆ ಇಳಿಸಿದ. ಅವಳ ಹಿಂದಿನ ಬಿಸಿಲಿಗೆ ಅವನ ಕಣ್ಣು ಕಿರಿದಾಯಿತು, ಆದರೆ ಈ ಸಲ ಪೆನ್ಸಿಲ್ ಹುಡುಕಲಿಲ್ಲ.

"ಅದನ್ನ ಮುಗಿಸಿದ್ರೆ ಈ ಮೆಟ್ಟಿಲು ಹತ್ತೋಕೆ ಕಾರಣ ಇರ್ತಿರಲಿಲ್ಲ," ಎಂದ. "ಬೇಕಂತಲೇ ಕೆಲಸ ಉಳಿಸ್ಕೊಂಡಿದ್ದು ಇದೇ ಮೊದಲು. ನಾಚಿಕೆನೂ ಆಗತ್ತೆ."

"ನನ್ನ ತಪ್ಪನ್ನ ನೆಪ ಮಾಡ್ಕೊಂಡ್ರಿ."

"ಹೌದು. ಅಷ್ಟು ಚಂದದ್ದು ಬೇರೆ ಸಿಗಲಿಲ್ಲ."

ಅವಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. "ನಾನು ಸರಿಮಾಡಿ ತಂದಾಗ ಒಂದು ಮಾತು ಹೇಳಬಾರದಿತ್ತಾ?"

"ಅಷ್ಟು ಚೆನ್ನಾಗಿ ಮಾಡಿದ್ರಿ. ಹಳೇದನ್ನ ನೋಯಿಸದೆ, ಹೊಸದನ್ನ ನೇರವಾಗಿ. ಅದನ್ನ ನೋಡಿದ ಮೇಲೆ ನನ್ನ ದುಃಖ ಹೇಳ್ಕೊಂಡು ನಿಮ್ಮ ಸಂತೋಷ ಕೆಡಿಸೋದು ಸರಿ ಅನ್ನಿಸಲಿಲ್ಲ."

ಕೆಳಗೆ ಯಾರೋ ಅಚ್ಚಿನ ಯಂತ್ರ ಚಾಲೂ ಮಾಡಿದರು. ನೆಲ ಸಣ್ಣಗೆ ನಡುಗಿತು.

"ಭಾನುವಾರ ನಮ್ಮನೆಗೆ ಬನ್ನಿ," ಎಂದಳು. "ಅಮ್ಮ ಟೀ ಮಾಡ್ತಾಳೆ. ನಮ್ಮ ಕಿಟಕಿಗೂ ಬೆಳಕು ಚೆನ್ನಾಗಿ ಬರತ್ತೆ."

"ಹಾಳೆ ತರಲಾ?"

"ಬೇಡ. ನೆಪ ಇಲ್ಲದೆ ಬನ್ನಿ, ನೋಡೋಣ."

ಬಂದ. ಅಂಗಿಗೆ ಇಸ್ತ್ರಿಯಾಗಿತ್ತು, ತೋಳು ಮಣಿಕಟ್ಟಿನವರೆಗೂ ಇಳಿದಿತ್ತು, ಕಿವಿಯ ಮೇಲೆ ಮಾತ್ರ ಮರೆತ ಪೆನ್ಸಿಲ್. ಅಮ್ಮ ಅದನ್ನು ನೋಡಿ, ನೋಡದಂತೆ ಒಳಗೆ ಹೋದಳು. ಒಳಗಿನಿಂದಲೇ ಕೂಗಿದಳು, "ಗುಬ್ಬೀ, ಕಪ್ಪು ತೆಗೆದಿಡೇ."

"ಬಂದೆ," ಎಂದಳು ಅವಳು. ಎಂದಮೇಲೆ ನಾಲಿಗೆ ಕಚ್ಚಿಕೊಂಡಳು.

"ಗುಬ್ಬಿ," ಎಂದ ಅವನು, ಮೆಲ್ಲಗೆ, ರುಚಿ ನೋಡುವವನ ಹಾಗೆ. "ಹಳೇ ಹೆಸರಾ?"

"ತುಂಬಾ ಹಳೇದು. ಯಾರಿಗೂ ಹೇಳಬೇಡಿ."

"ಯಾರು ಕರೆದ್ರೂ ಓಗೊಡತ್ತಾ?"

"ಅದು ಕರೆಯೋರ ಮೇಲೆ."

ಅವಳು ಕಪ್ಪು ಜೋಡಿಸಲು ಕಿಟಕಿಯ ಪಕ್ಕದ ಮೇಜಿಗೆ ಹೋದಳು. ಬೆಳಕೆಲ್ಲ ಅವಳ ಬೆನ್ನಿಗೆ ಬಿತ್ತು. ಅವಳ ನೆರಳು ಕೋಣೆ ದಾಟಿ ಅವನ ಮೊಣಕಾಲಿನವರೆಗೆ ಚಾಚಿತು. ಅದನ್ನು ಕಂಡು ಪಕ್ಕಕ್ಕೆ ಸರಿಯಹೋದಳು.

"ಅಡ್ಡ ಬಂದೆನಾ?"

"ಇಲ್ಲ," ಎಂದ ಅವನು. "ಅಲ್ಲೇ ಇರಿ."