ಏಳು ಗಂಟಿನ ಬಟ್ಟೆ

“ಒಳಗೆ ಇನ್ನೇನಾದರೂ ಉಳಿದಿದೆಯಾ?”

ಆಪರೇಷನ್ ಥಿಯೇಟರಿನ ಮೇಜಿನ ಮೇಲೆ ಯಾರೂ ಇರಲಿಲ್ಲ. ಹಿರಿಯ ನರ್ಸ್ ಬರಿಯ ಮೇಜನ್ನು ಕೇಳಿ, ಎರಡೂ ಕೈ ಮೇಲೆತ್ತಿ, ಒಂದು ಉಸಿರಿನಷ್ಟು ಹೊತ್ತು ಕಾದಳು.

ಬಾಗಿಲಲ್ಲಿ ನಿಂತಿದ್ದ ಹೊಸ ಸರ್ಜನ್ ನಕ್ಕ. “ಏನು ಸಿಸ್ಟರ್, ಮೇಜಿಗೂ ಹೊಟ್ಟೆನೋವಾ?”

“ನಗಬೇಡಿ ಸಾರ್. ಇಲ್ಲಿ ಹೊಟ್ಟೆ ಹೊಲಿಯೋ ಮುಂಚೆ ಎಲ್ಲರೂ ಹೀಗೇ ಕೇಳ್ತಾರೆ. ಹಿಂದೆ ಒಬ್ಬ ಹುಡುಗಿ ಹೊಟ್ಟೇಲಿ ರಕ್ತ ಒರೆಸೋ ಬಟ್ಟೆ ಉಳಿದುಹೋಯ್ತು. ಬಟ್ಟೆ ಎಣಿಸಿದ ಹಾಳೇಲಿ ಎಲ್ಲ ಸರಿ ಅಂತಲೇ ಬರೆದಿತ್ತು. ಒಳಗೆ ಕೀವಾಗಿ ಸತ್ತಳು. ಅವಳ ತಾಯಿ ಆ ಬಟ್ಟೆಗೆ ಏಳು ಗಂಟು ಹಾಕಿ ಈ ಮೇಜಿಗೆ ಮಾಟ ಮಾಡಿ ಹೋದಳು. ಬಿಟ್ಟವನ ಹೊಟ್ಟೇಲೇ ಅದು ಬೆಳೆಯುತ್ತೆ. ಈ ಮೇಜಿನ ಮೇಲೆ ಮಾತ್ರ ಹೊರಗೆ ಬರುತ್ತೆ. ಕೇಳಿ ಹೊಲಿದರೆ ಬಿಟ್ಟವನಿಗೇ ವಾಪಸ್. ಕೇಳದೆ ಹೊಲಿದರೆ, ಹೊಲಿದವನಿಗೆ.”

“ಬಿಟ್ಟವನು ಯಾರಂತೆ?”

“ಗೊತ್ತಿದ್ದಿದ್ರೆ ಎಲ್ಲರೂ ಯಾಕೆ ಕೇಳ್ತಿದ್ರು?”

ಅವನು ಇನ್ನೂ ನಗುತ್ತಲೇ ಕೈ ತೊಳೆಯಲು ಹೋದ. ಅಂದಿನ ರೋಗಿ ಅವನ ಭಾವ, ಅಕ್ಕನ ಗಂಡ. ಈ ಆಸ್ಪತ್ರೆಯ ದೊಡ್ಡ ಡಾಕ್ಟರು. ಅವರನ್ನು ಬಿಟ್ಟರೆ ಇಲ್ಲಿ ಕತ್ತಿ ಹಿಡಿಯುವವನು ಇವನೊಬ್ಬನೇ. ಹೊಟ್ಟೆಯೊಳಗೆ ಗಡ್ಡೆಯಿದೆ, ನಿನ್ನ ಕೈಯನ್ನು ಬಿಟ್ಟು ಯಾರ ಕೈಯನ್ನೂ ನಂಬಲಾರೆ ಎಂದು ಹೇಳಿ ಕರೆಸಿಕೊಂಡಿದ್ದರು. ದಾರಕ್ಕೆ ಮೊದಲ ಗಂಟು ಹಾಕಲು ಅವನ ಬೆರಳು ಹಿಡಿದು ಕಲಿಸಿದವರು ಅವರೇ.

ಮಂಪರು ಏರುವ ಮುಂಚೆ ಭಾವ ಅವನ ಮಣಿಕಟ್ಟು ಹಿಡಿದರು.

“ಆ ಸಿಸ್ಟರ್ ಏನೇನೋ ಹೇಳ್ತಾಳೆ. ಹೊಲಿಯೋ ಮುಂಚೆ ನೀನೇನೂ ಕೇಳಬೇಡ ಕಣೋ. ನಿಮ್ಮಕ್ಕನ ಮೇಲಾಣೆ.”

“ನಾನೇನು ಮಂತ್ರವಾದಿನಾ ಭಾವ? ಸುಮ್ನೆ ಮಲಕ್ಕೊಳ್ಳಿ.”

ಚರ್ಮ, ಕೊಬ್ಬು, ಸ್ನಾಯು. ಪದರ ಪದರವಾಗಿ ಬಿಚ್ಚಿಕೊಂಡಿತು ಆ ಒಡಲು. ಹುಟ್ಟುವ ಮುನ್ನ ನಾವೆಲ್ಲ ಮುದುಡಿ ಮಲಗಿದ್ದು ಇಂಥದೇ ಒಂದು ಕತ್ತಲಲ್ಲಿ. ಕರುಳನ್ನು ಪಕ್ಕಕ್ಕೆ ಸರಿಸಿದ. ಕೊಳೆತ ಹೂವಿನಂಥ, ತುಕ್ಕಿನಂಥ ವಾಸನೆ ಮಾಸ್ಕನ್ನು ದಾಟಿ ಗಂಟಲಿಗಿಳಿಯಿತು. ಅಲ್ಲಿ ಗಡ್ಡೆಯಿರಲಿಲ್ಲ. ಹಳದಿಗಟ್ಟಿದ ಬಟ್ಟೆಯಿತ್ತು. ಏಳು ಗಂಟು.

ಭಾವನ ಹೊಟ್ಟೆಯ ಮೇಲೆ ಹಳೆಯ ಹೊಲಿಗೆಯ ಗುರುತು ಒಂದೂ ಇರಲಿಲ್ಲ.

“ಹೊಲಿಯೋ ಮುಂಚೆ ಕೇಳಿಬಿಡಿ ಸಾರ್,” ಎಂದಳು ನರ್ಸ್.

ಬಟ್ಟೆಯನ್ನು ತಟ್ಟೆಗೆ ಹಾಕಿದ. ಕೇಳಲು ಬಾಯಿ ತೆರೆದ. ಆದರೆ ಆಣೆ ನೆನಪಾಯಿತು. ನಗೆಯೂ ನೆನಪಾಯಿತು; ಅಷ್ಟು ನಕ್ಕವನು ಈಗ ಯಾವ ಮುಖ ಇಟ್ಟುಕೊಂಡು ಕೇಳಿಯಾನು?

“ಸೂಜಿ ಕೊಡಿ.”

ಹೊಲಿದ. ಒಂದೊಂದೇ ಹೊಲಿಗೆ. ಏಳನೆಯದಕ್ಕೆ ದಾರ ಕತ್ತರಿಸಿದ. ನರ್ಸ್ ತಟ್ಟೆಯತ್ತ ನೋಡಿದಳು. ಅವನೂ ನೋಡಿದ. ತಟ್ಟೆ ಖಾಲಿ. ಒಂದು ಒದ್ದೆ ಗುರುತು, ಅಷ್ಟೇ. ಅವನ ಹೊಕ್ಕುಳ ಹಿಂದೆ ಏನೋ ಬಿಗಿಯಿತು. ಮತ್ತೆ ಬಿಗಿಯಿತು. ಅವನು ಎಣಿಸಿದ. ಏಳು ಸಲ.

ಹನ್ನೊಂದನೆಯ ದಿನ ಅದೇ ಮೇಜಿನ ಮೇಲೆ ಅವನು ಮಲಗಿದ್ದ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಬಾಯಿಂದಲೇ ಆ ವಾಸನೆ ಬರುತ್ತಿತ್ತು. ಭಾವ ಕೆನ್ನೆ ತುಂಬಿಕೊಂಡು, ಬಣ್ಣ ಬಂದು, ಪಕ್ಕದಲ್ಲಿ ನಿಂತಿದ್ದರು.

“ಬಟ್ಟೆ ಲೆಕ್ಕದ ಆ ಹಾಳೆ ಬರೆದವರು ನೀವೇನಾ?”

“ಒಂದು ಬಟ್ಟೆ ಕಡಿಮೆಯಿತ್ತು. ಮತ್ತೆ ಬಿಚ್ಚೋಕೆ ಬೇಜಾರಾಯ್ತು.”

“ಅಕ್ಕನಿಗೆ ಗೊತ್ತಿತ್ತಾ?”

ಭಾವ ದೀಪದ ಕಡೆ ನೋಡಿದರು. “ನಿನ್ನನ್ನ ಕರೆಸೋಣ ಅಂದದ್ದೇ ಅವಳು.”

ಒಳಗೆ ಗಂಟೊಂದು ಹೊರಳಿತು. ಚೀರಲು ಉಸಿರು ಸಾಲಲಿಲ್ಲ. ಗಾಜಿನ ಆಚೆ ಅಕ್ಕ ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು. ಅವಳು ಒಳಗೆ ಬರಲಿಲ್ಲ. ಅವನು ಭಾವನ ಬೆರಳು ಹಿಡಿದ. ಗಂಟು ಕಲಿಸಿದ್ದ ಅದೇ ಬೆರಳು.

“ಭಾವ, ತೆಗೀರಿ. ಕೇಳಿ, ಕೇಳದೇ ಇರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಭಾವ ತಮ್ಮ ಬೆರಳನ್ನು ಒಂದೊಂದಾಗಿ ಬಿಡಿಸಿಕೊಂಡರು.

“ಇಲ್ಲಪ್ಪ. ಕೇಳಿದ್ರೂ ಅದು ನನಗೇ, ಕೇಳದಿದ್ರೂ ನನಗೇ. ನಾನು ತೆಗೆಯಲ್ಲ.”