ಎಂಟನೆಯ ಹುಣ್ಣು

ತಂಡದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಹೀರೋ ಎಂದೇ. ಆರು ನಾಟಕಗಳಲ್ಲಿ ಪ್ರೇಮಿಯಾಗಿ ಮೆರೆದವನಿಗೆ ಏಳನೆಯದರಲ್ಲಿ ಸಿಕ್ಕಿದ್ದು ಹಾಸಿಗೆ ಹಿಡಿದ ಮುದುಕನ ಪಾತ್ರ. ಮುಖದ ತುಂಬ ಹುಣ್ಣು, ಬಾಯಲ್ಲಿ ಜೊಲ್ಲು, ಹೆಂಡತಿಗೆ ದಿನವಿಡೀ ಬೈಗುಳ. ಪಾತ್ರ ಹಂಚಿದ ದಿನ ಪಾಪ, ಇಂಗು ತಿಂದ ಮಂಗನಂತಾಗಿದ್ದ.

ಒಲ್ಲೆ ಎನ್ನಬಹುದಿತ್ತು. ಆದರೆ ಹುಣ್ಣು ಅಂಟಿಸುವವಳು ಮೇಕಪ್‌ನವಳು, ಮೂರು ವರ್ಷದಿಂದ ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡವಳು. ಆಟಕ್ಕೆ ಮುಂಚೆ ಒಂದು ಗಂಟೆ ಅವಳ ಬೆರಳುಗಳು ಅವನ ಕೆನ್ನೆಯ ಮೇಲೆ. ಅಷ್ಟಕ್ಕೇ ಒಪ್ಪಿಕೊಂಡುಬಿಟ್ಟ.

ಕಷ್ಟವೆಂದರೆ, ಅವಳು ಆಟ ನೋಡುತ್ತಿದ್ದುದು ಎಡಗಡೆಯ ಪರದೆಯ ಮರೆಯಲ್ಲಿ ನಿಂತು. ಹಾಗಾಗಿ ಹೀರೋ ರಂಗಕ್ಕೆ ಹೋಗುವ ಮುಂಚೆ ಎಡಗೆನ್ನೆಯ ಒಂದೆರಡು ಹುಣ್ಣನ್ನು ಮೆಲ್ಲಗೆ ಕಿತ್ತು ಕನ್ನಡಿ ಮೇಜಿನ ಅಡಿಗೆ ಅಂಟಿಸಿ ಹೋಗುತ್ತಿದ್ದ. ಸಾಯಲು ಬಿದ್ದ ಮುದುಕ ಆಟ ಮುಗಿಯುವವರೆಗೂ ಆ ಕೆನ್ನೆಯನ್ನೇ ಅವಳತ್ತ ಮಾಡಿ ಮಲಗಿರುತ್ತಿದ್ದ.

ಅಂದು ಮಧ್ಯಾಹ್ನ ಕೊನೆಯ ಆಟ. ನಾಳೆಯಿಂದ ಅವಳು ಬೇರೆ ತಂಡಕ್ಕೆ. ಮನಸ್ಸಿನ ಮಾತು ಇವತ್ತು ಹೇಳಲೇಬೇಕು. ಅವಳ ಅಮ್ಮನೂ ಆಟಕ್ಕೆ ಬರುತ್ತಾರೆಂದು ಗೊತ್ತಾಗಿ, ಮೂರು ಹುಣ್ಣು ಕೀಳುವ ಯೋಚನೆಯಲ್ಲಿದ್ದ.

ಮೇಕಪ್ ಮುಗಿಸಿ, ಬಿದ್ದ ಹೇರ್‌ಪಿನ್ ಎತ್ತಲು ಕನ್ನಡಿ ಮೇಜಿನ ಅಡಿಗೆ ಬಗ್ಗಿದವಳು ಅಲ್ಲೇ ಏನನ್ನೋ ಎಣಿಸತೊಡಗಿದಳು.

"ಮೇಜಿಗೂ ಕಾಯಿಲೆ ಬಂದಿದೆ," ಎಂದಳು. "ಹನ್ನೊಂದು ಹುಣ್ಣು. ಬೆವರಿಗೆ ಉದುರ್ತಿವೆ ಅಂದ್ಕೊಂಡಿದ್ದೆ."

ಅವನ ಕಿವಿ ಕೆಂಪಾಯಿತು. "ನೀವು ನೋಡ್ತಿರ್ತೀರಲ್ಲ, ಅದಕ್ಕೆ..."

"ನಾನು ನೋಡೋದು ಹುಣ್ಣನ್ನೇ. ಅಪ್ಪನಿಗೆ ಎಲ್ಲೆಲ್ಲಿ ಆಗಿತ್ತೋ ಅಲ್ಲಲ್ಲೇ ಅಂಟಿಸಿರೋದು. ಅಮ್ಮ ಎರಡು ವರ್ಷ ಅದನ್ನ ಒರೆಸ್ತಾನೇ ಕಳೆದ್ರು."

ಹೀರೋಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ರಂಗದಲ್ಲಿ ಅಂದು ಅವನಿಗೆ ಎಡವೂ ನೆನಪಿರಲಿಲ್ಲ, ಬಲವೂ ನೆನಪಿರಲಿಲ್ಲ. ಜೊಲ್ಲು ಸುರಿದರೆ ಸುರಿಯಲಿ ಎಂದು ಬಿಟ್ಟ. ಮುದುಕ ಬೈಯುವುದು ಸಿಟ್ಟಿಗಲ್ಲ, ಹೆಂಡತಿಯ ಕೈಯಲ್ಲಿ ಮೈ ಒರೆಸಿಕೊಳ್ಳಬೇಕಾದ ನಾಚಿಕೆಗೆ ಎಂದು ಆಗ ಹೊಳೆಯಿತು. ಔಷಧಿಯ ಲೋಟ ಬಂದಾಗ ಮುಖ ತಿರುಗಿಸಿದ.

ಪ್ರೇಕ್ಷಕರ ಮೂರನೆಯ ಸಾಲಿನಿಂದ ಒಂದು ಹೆಂಗಸಿನ ದನಿ ಕೇಳಿಸಿತು. "ಸುಮ್ನೆ ಕುಡೀರಿ. ನನಗೂ ಸಾಕಾಗಿದೆ."

ಜನ ನಕ್ಕರು, ಆಮೇಲೆ ತಣ್ಣಗಾದರು. ಅಲ್ಲಿ ಕೂತಿದ್ದವರು ಅವಳ ಅಮ್ಮ. ನಾಟಕದ ಪ್ರಕಾರ ಅವನು ಲೋಟ ಎಸೆಯಬೇಕಿತ್ತು. ಅವರತ್ತ ಒಮ್ಮೆ ನೋಡಿ, ತಪ್ಪು ಮಾಡಿದವನ ಹಾಗೆ ಗಟಗಟನೆ ಕುಡಿದುಬಿಟ್ಟ. ನಿರ್ದೇಶಕರು ಒಳಗೆ ಹಣೆ ಚಚ್ಚಿಕೊಂಡರು.

ಆಟ ಮುಗಿದ ಮೇಲೆ ಕನ್ನಡಿಯ ಮುಂದೆ ಅವಳು ಅವನ ಮುಖ ಮುಟ್ಟಿ ಮುಟ್ಟಿ ಎಣಿಸಿದಳು. "ಏಳು ಅಂಟಿಸಿದ್ದೆ. ಎಂಟಿವೆ."

"ಮೇಜಿನ ಅಡಿಯಿಂದ ಒಂದು ನಾನೇ ಅಂಟಿಸ್ಕೊಂಡೆ."

ಅವಳ ಕಣ್ಣು ತುಂಬಿತು, ನಗುವೂ ಬಂತು.

"ನೀವಂದ್ರೆ ನನಗೆ ತುಂಬಾ ಇಷ್ಟ," ಎಂದ ಹೀರೋ. ಅಂಟಿಸಿದ ಕಪ್ಪು ಹಲ್ಲಿನಿಂದಾಗಿ ಮಾತು ತೊದಲಿತು.

"ಇಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತಾ? ನಾನೇ ಹೇಳ್ಬೇಕೇನೋ ಅಂದ್ಕೊಂಡಿದ್ದೆ."

ಅವನು ಖುಷಿಯಲ್ಲಿ ಮುಖ ಒರೆಸಿಕೊಳ್ಳಲು ಟವೆಲ್‌ಗೆ ಕೈ ಹಾಕಿದ. ಅವಳು ಕಿತ್ತುಕೊಂಡಳು.

"ಹೊರಗೆ ಅಮ್ಮ ಕಾಯ್ತಿದಾರೆ. ಹೀಗೇ ಬನ್ನಿ. ಚೆಂದದ ಮುಖಾನ ಅವರು ನಂಬಲ್ಲ. ಹೇಳಿದ ತಕ್ಷಣ ಔಷಧಿ ಕುಡಿಯೋ ಗಂಡಸನ್ನ ಅವರು ಇವತ್ತೇ ಮೊದಲು ನೋಡಿದ್ದು."