ಮಿಣಮಿಣ ಹೊಳೆದ ಕೊಕ್ಕೆ

“ನಿಮ್ಮ ಭಾವ ಒಪ್ಕೊಂಡ್ಬಿಟ್ರು ಕಣೇ! ಕ್ರೇನ್ ಕೊಕ್ಕೆ ಮುರಿದಿದ್ದು ನಾನು ಜೋರಾಗಿ ಜಗ್ಗಿದ್ದಕ್ಕೇ ಅಂತ ಸೈನ್ ಹಾಕಿ ಬಂದಿದಾರೆ!”

ಫೋನಿನಲ್ಲಿ ಅಕ್ಕ. ಅಳುತ್ತಿದ್ದಳು.

“ಮೆತ್ತಗೆ ಅಕ್ಕಾ! ಯಾಕೆ ಹಾಕಿದ್ರು?”

“ಹಾಕಿದ್ರೆ ಕೆಲಸ ಮಾತ್ರ ಹೋಗುತ್ತೆ, ಇಲ್ದಿದ್ರೆ ಪೊಲೀಸ್ ಕೇಸ್ ಅಂದ್ನಂತೆ ಸೂಪರ್‌ವೈಸರ್! ನೀನ್ಯಾಕೆ ಪಿಸುಗುಡ್ತಿದೀಯ? ಎಲ್ಲಿದೀಯ?”

“ಕ್ಲಾಸಲ್ಲಿ.” ಫೋನ್ ಕಟ್ ಮಾಡಿದೆ.

ಸುಳ್ಳು! ಭಾವ ಕ್ರೇನ್ ನಡೆಸುವ ಫ್ಯಾಕ್ಟರಿಯ ಗುಜರಿ ತೊಟ್ಟಿಯೊಳಗೆ ಕುಕ್ಕರುಗಾಲಲ್ಲಿ ಕೂತಿದ್ದೆ. ಮಡಿಲಲ್ಲಿ ಮುರಿದ ಕೊಕ್ಕೆಯ ತುಂಡು. ನಾಲ್ಕು ಕೇಜಿ. ತಗಡಿನ ಆಚೆ ಅದೇ ಸೂಪರ್‌ವೈಸರನ ಬೂಟಿನ ಸದ್ದು.

“ಈ ಗುಜರಿಯೆಲ್ಲ ಸಂಜೆಯೊಳಗೆ ಕರಗಿಸಿಬಿಡಿ!” ಯಾರಿಗೋ ಕೂಗುತ್ತಿದ್ದ.

ನಾನು ಡಿಟೆಕ್ಟಿವ್. ಗನ್ ಇಲ್ಲ. ಕಾರ್ಡ್ ಇಲ್ಲ. ಮೆಟಲರ್ಜಿಯಲ್ಲಿ ಮೂರು ಸಬ್ಜೆಕ್ಟ್ ಬಾಕಿ ಇವೆ... ಅದರಲ್ಲಿ ಒಂದು, ಲೋಹ ಯಾಕೆ ಮುರಿಯುತ್ತದೆ ಅನ್ನೋದೇ!

ಆದರೂ ತುಂಡಿನ ಮುರಿದ ಮುಖವನ್ನು ಕಣ್ಣ ಹತ್ತಿರ ಹಿಡಿದು ನೋಡಿದೆ. ಒಳ್ಳೆಯ ಉಕ್ಕು ಮುರಿಯುವ ಮೊದಲು ಹಿಗ್ಗುತ್ತದೆ, ಬಾಗುತ್ತದೆ. ಇದು ಚೂರೂ ಬಾಗಿಲ್ಲ. ಮುರಿದ ಜಾಗ ಸಕ್ಕರೆ ಸುರಿದ ಹಾಗೆ ಮಿಣಮಿಣ! ಅಂದರೆ ಉಕ್ಕಿನ ಹರಳುಗಳು ಮುರಿದಿಲ್ಲ. ಹರಳು ಹರಳಿನ ನಡುವಿನ ಗಡಿಯೇ ಕೈಬಿಟ್ಟಿದೆ.

ಭಾವ ಜಗ್ಗಿದ್ದಕ್ಕಲ್ಲ!

ಫೋನ್ ಮತ್ತೆ ಕಿರುಚಿತು. ಸೈಲೆಂಟ್ ಮಾಡುವ ಬುದ್ಧಿ ನನಗೆಲ್ಲಿ?

“ಯಾರೋ ಅದು ತೊಟ್ಟೀಲಿ!”

ಹಾರಿದೆ. ಓಡಿದೆ. ಸಿನಿಮಾ ಹೀರೋ ಆಗಿದ್ದರೆ ಗೇಟಿನ ಕಡೆ ಓಡುತ್ತಿದ್ದ. ನಾನು ಸೀದಾ ಕುಲುಮೆ ಶೆಡ್ಡಿಗೆ ನುಗ್ಗಿದೆ. ಶೆಡ್ಡಿಗೆ ಬಾಗಿಲು ಒಂದೇ!

ಒಳಗೆ ಕುಲುಮೆ ತಾತ. ಫ್ಯಾಕ್ಟರಿಯ ಕೊಕ್ಕೆಗಳನ್ನೆಲ್ಲ ಕಾಯಿಸಿ ಹದ ಮಾಡುವವರು. ತುಂಡನ್ನು ಕೈಗೆ ತೆಗೆದುಕೊಂಡರು. ಮುಖ ಬಿಳಿಚಿತು.

“ಇದು ನಾನೇ ಹದ ಮಾಡಿದ್ದು ಕಣಮ್ಮ.”

“ಹದ ಆದ್ಮೇಲೆ ನೀರಿಗೆ ಹಾಕಿದ್ರಾ ತಾತ?”

“ಇಲ್ಲ. ಕುಲುಮೆ ಆರಿಸಿ ಒಳಗೇ ಬಿಟ್ಟೆ. ಪಾಪ, ನಿಧಾನಕ್ಕೆ ತಣ್ಣಗಾಗ್ಲಿ ಅಂತ. ಇಪ್ಪತ್ತು ವರ್ಷದಿಂದ ಹಾಗೇ!”

“ಉಕ್ಕು ಹಳೇದೇನಾ?”

“ಈ ಸಲ ಬೇರೆ. ಸೂಪರ್‌ವೈಸರ್ ಅಗ್ಗದ್ದು ತರಿಸಿದ. ಅದೇನೋ ಮೊಲಿಬ್ಡಿನಂ ಅನ್ನೋ ಬೆರಕೆ ಲೋಹ ಇಲ್ವಂತೆ. ಚಿಂತೆ ಇಲ್ಲ, ಮಾಮೂಲಿ ಥರಾನೇ ಮಾಡಿ ಅಂದ.”

ಸಿಕ್ಕಿತು! ಉಕ್ಕಿನಲ್ಲಿ ಚಿಟಿಕೆ ಫಾಸ್ಫರಸ್ ಇದ್ದೇ ಇರುತ್ತದೆ. ಮೊಲಿಬ್ಡಿನಂ ಇದ್ದರೆ ಅದರ ಕಾಲರ್ ಹಿಡಿದು ಕೂರಿಸುತ್ತದೆ. ಇಲ್ಲದಿದ್ದರೆ? ನಿಧಾನವಾಗಿ ತಣ್ಣಗಾಗುವ ಅಷ್ಟೂ ಹೊತ್ತು ಫಾಸ್ಫರಸ್ ಆರಾಮಾಗಿ ನಡೆದು ಹೋಗಿ ಹರಳುಗಳ ಗಡಿಯಲ್ಲಿ ಠಿಕಾಣಿ ಹೂಡಿ ಅವುಗಳ ಹಿಡಿತ ಸಡಿಲಿಸುತ್ತದೆ. ಆಮೇಲೆ... ಟಕ್!

ಪರೀಕ್ಷೆಯಲ್ಲಿ ಇದಕ್ಕೆ ಹತ್ತಕ್ಕೆ ಎರಡು ತಗೊಂಡವಳು ನಾನು. ಇವತ್ತು ತಡವರಿಸದೆ ಹೇಳಿದೆ.

“ಭಾಷಣ ಆಯ್ತಾ?” ಬಾಗಿಲಲ್ಲಿ ಸೂಪರ್‌ವೈಸರ್! “ಆ ತುಂಡು ಇಲ್ಲಿ ಬಿಸಾಕು. ಇಲ್ಲಾಂದ್ರೆ ನಿನ್ನ ಮೇಲೂ ಕೇಸು!”

ಡಿಟೆಕ್ಟಿವ್ ಏನು ಮಾಡಿದಳು ಗೊತ್ತಾ? ತಾತನ ಬೆನ್ನ ಹಿಂದೆ ಅವಿತಳು!

ತಾತ ಮಾತ್ರ ಅಲುಗಲಿಲ್ಲ.

“ಇನ್ನೂ ಹನ್ನೊಂದು ಕೊಕ್ಕೆ ಹಾಗೇ ಹದ ಮಾಡಿದೀನಿ ಸ್ವಾಮಿ. ಎಲ್ಲಾ ಮೇಲೆ ಭಾರ ಹೊತ್ಕೊಂಡು ನೇತಾಡ್ತಿವೆ.”

ಮೂವರೂ ತಲೆಯೆತ್ತಿದೆವು. ಸೂಪರ್‌ವೈಸರನ ನೆತ್ತಿಯ ನೇರಕ್ಕೆ ಒಂದು ಕೊಕ್ಕೆ. ಅದರಲ್ಲಿ ಒಂದು ಟನ್ನಿನ ಎರಕದ ಅಚ್ಚು.

ಅವನು ಸದ್ದಿಲ್ಲದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದ.

“ಯಾಕೆ ಸರ್ ಸರಿದ್ರಿ?” ತಾತನ ಬೆನ್ನ ಹಿಂದಿನಿಂದಲೇ ಕೇಳಿದೆ.

ಅವನು ಕರ್ಚೀಫು ತೆಗೆದು ಹಣೆ ಒರೆಸಿಕೊಂಡ.

ತಾತ ಆಗಲೇ ಸೇಫ್ಟಿ ಆಫೀಸರಿಗೆ ಫೋನ್ ಹಚ್ಚಿದ್ದರು. “ಮೊದಲು ಎಲ್ಲಾ ಕ್ರೇನ್ ನಿಲ್ಲಿಸಿ ಸಾರ್... ಹೂಂ, ತಪ್ಪು ನನ್ನದೂ ಇದೆ. ಹೇಳ್ತೀನಿ, ಬರೆದೂ ಕೊಡ್ತೀನಿ. ಈ ತುಂಡನ್ನ ಎರಡು ಮಾಡ್ತೀನಿ. ಒಂದನ್ನ ಹೀಗೇ ಇಡ್ತೀನಿ. ಇನ್ನೊಂದನ್ನ ಮತ್ತೆ ಅದೇ ಹದಕ್ಕೆ ಕಾಯಿಸಿ, ಫಾಸ್ಫರಸ್‌ಗೆ ನಡೆಯೋಕೆ ಹೊತ್ತು ಸಿಗದ ಹಾಗೆ ತಟ್ಟಂತ ನೀರಿಗೆ ಹಾಕ್ತೀನಿ. ಎರಡಕ್ಕೂ ನಿಮ್ಮೆದುರೇ ಸುತ್ತಿಗೆ ಏಟು. ಮೊದಲನೇದು ಮುರಿದು ಎರಡನೇದು ಬರೀ ಬಾಗಿದ್ರೆ ಕ್ರೇನ್ ಹುಡುಗನ ತಪ್ಪಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕಾ? ಸರಿ!”

“ತಾತ, ನಿಮ್ಮ ಕೆಲಸಾನೂ ಹೋಗ್ಬಹುದು,” ಅಂದೆ.

“ಹೋಗ್ಲಿ ಬಿಡಮ್ಮ. ತಲೆ ಉಳೀಲಿ.”

ಸೂಪರ್‌ವೈಸರ್ ಮೆಲ್ಲಗೆ ಬಾಗಿಲ ಕಡೆ ಜಾರುತ್ತಿದ್ದ. ಈಗ ನನಗೂ ಧೈರ್ಯ ಬಂತು. ತಾತನ ಬೆನ್ನಿನಿಂದ ಪೂರ್ತಿ ಅರ್ಧ ಅಡಿ ಆಚೆ ಬಂದೆ.

“ನಾಳೆ ಹತ್ತಕ್ಕೆ ನೀವೂ ಬರ್ಬೇಕು ಸರ್!”

“ನಾನ್ಯಾಕೆ?”

“ಸುತ್ತಿಗೆ ನೀವೇ ಹಿಡೀಬೇಕಲ್ಲ... ನಮ್ಮ ಭಾವ ಹಿಡಿದ್ರೆ ಜೋರಾಗಿ ಹೊಡೆದ ಅಂತೀರಿ!”